ಮಾಡೆಲ್ ಹೇಳಿದ್ದು 72, ಸ್ಲ್ಯಾಬಿಗೆ ಹೋಗಿದ್ದು 67.5: ನಾ ಎಲ್ಲಿ ತಪ್ಪೀನಿ?

ಹುಬ್ಬಳ್ಳಿ ಸೈಟು:

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಒಂದು ಹಾಸ್ಟೆಲ್ ಕಟ್ಟಡದ ಸೈಟಿನ್ಯಾಗ ಜೂನಿಯರ್ ಇಂಜಿನಿಯರ್ ಅದೀನಿ. ಕಾಲೇಜ್ ಮುಗಿಸಿ ಎರಡು ವರ್ಷ ಆತು. ನಮ್ಮ ಆಫೀಸಿನ್ಯಾಗ ರೆವಿಟ್ ಸಾಫ್ಟ್‌ವೇರ್ ಗೊತ್ತಿರಾಂವ ನಾ ಒಬ್ಬನ, ಹಿಂಗಾಗಿ ಬಿಮ್ ಮಾಡೆಲ್ಲಿಂದ (ಕಂಪ್ಯೂಟರಿನ್ಯಾಗ ಕಟ್ಟಿದ 3ಡಿ ಕಟ್ಟಡ) ಕ್ವಾಂಟಿಟಿ ತಗಿಯೋ ಕೆಲಸ ನನ್ನ ಕೊರಳಿಗೆ ಬಿದ್ದೈತಿ.

ಹೋದ ಶನಿವಾರ ಮೊದಲನೇ ಮಹಡಿ ಸ್ಲ್ಯಾಬ್ ಹಾಕಿದ್ವಿ. ಹೊರಗಿನ ಅಳತಿ 24 ಮೀಟರ್‌ಗೆ 14 ಮೀಟರ್, ದಪ್ಪ 150 ಮಿಲಿಮೀಟರ್. ಪಾವಟಿಗಿಗೆ, ಲಿಫ್ಟಿಗೆ ಬಿಟ್ಟ ಜಾಗಾ 17.52 ಚದರ ಮೀಟರ್. ಬೀಮ್ ಎಲ್ಲಾ 230ಕ್ಕ 600, ಸ್ಲ್ಯಾಬ್ ಹಿಡಿದು. ಕಂಬ 300ಕ್ಕ 600, ಇಪ್ಪತ್ತು ಅದಾವ. ಮಹಡಿ ಎತ್ತರ 3.3 ಮೀಟರ್.

ಶೆಡ್ಯೂಲಿನ್ಯಾಗ, ಅಂದ್ರ ಮಾಡೆಲ್ ಕೊಡೋ ಲೆಕ್ಕದ ಪಟ್ಟ್ಯಾಗ ಬಂದದ್ದು ಸ್ಲ್ಯಾಬ್ 47.77, ಬೀಮ್ 24.29, ಕೂಡಿ 72.06 ಕ್ಯೂಬಿಕ್ ಮೀಟರ್. ಆರ್‌ಎಂಸಿ (ಕಲಸಿದ ಕಾಂಕ್ರೀಟ್ ಕಳಸೋ) ಪ್ಲಾಂಟಿಗೆ 72 ಹೇಳಿದ್ನಿ. ಆರು ಕ್ಯೂಬಿಕ್‌ದ್ದು ಹನ್ನೆರಡು ಲಾರಿ. ಹನ್ನೊಂದು ಪೂರಾ ಹೋದ್ವು. ಹನ್ನೆರಡನೇದ್ರಾಗ ಒಂದೂವರೆ ಹೋಗೋದ್ರಾಗ ಮೇಸ್ತ್ರಿ ಮ್ಯಾಲಿಂದ ಸಾಕ್ ಸಾಕ್ ಅಂತ ಕೈ ಬೀಸಿದ. ನಾಲ್ಕೂವರೆ ಕ್ಯೂಬಿಕ್ ಲಾರಿಯೊಳಗ ತಿರುಗಕೊಂತ ನಿಂತೈತಿ, ಡ್ರೈವರ್ ನನ್ನ ಮಾರಿ ನೋಡಾಕತ್ತಾನ. ಹಿಂದಿನ ಕಾಂಪೌಂಡಿಗೆ ಅಗೆದಿದ್ದ ಗುಂಡಿಯೊಳಗ ಅಷ್ಟಿಷ್ಟು ಸುರುವಿದ್ವಿ, ಉಳಿದದ್ದು ವಾಪಸ್. ರೊಕ್ಕ ಮಾತ್ರ 72ರದ್ದ. ನಮ್ಮ ಸಾಹೇಬ್ರು ಎಲ್ಲಾರ ಮುಂದ "ನಿನ್ನ ಕಂಪ್ಯೂಟರ್‌ಗಿಂತ ಮೇಸ್ತ್ರಿ ಬೆರಳೆಣಿಕಿ ಚಲೋ" ಅಂದ್ರು. ಅದು ಇನ್ನೂ ಚುಚ್ಚಾಕತ್ತೈತಿ.

ಹೆಂಗ ತಗದೆ ಅಂದ್ರ: ಸ್ಲ್ಯಾಬ್ ಆರ್ಕಿಟೆಕ್ಟ್ ಫೈಲಿನ್ಯಾಗ ಐತಿ, ಬೀಮ್ ಕಂಬ ಸ್ಟ್ರಕ್ಚರಲ್ ಫೈಲಿನ್ಯಾಗ, ಎರಡನ್ನೂ ಲಿಂಕ್ ಮಾಡೀನಿ. ಬೀಮಿಗೆ ವಾಲ್ಯೂಮ್ ತಗೊಳ್ಳಲಿಲ್ಲ. ಎಕ್ಸೆಲ್ಲಿಗೆ ತಾಳಿ ನೋಡಾಕ ಸರಳ ಆಕ್ಕತಿ ಅಂತ ಉದ್ದ, ಅಗಲ, ಎತ್ತರ ಗುಣಿಸಿ ನಾನ ಒಂದು ಫೀಲ್ಡ್ ಮಾಡಿದ್ನಿ. ಒಟ್ಟು ಉದ್ದ 176 ಮೀಟರ್ ಬಂತು.

ಇದು ಸಾಲ್ದು ಅಂತ ಕೆಳಗಿನ ಮಹಡ್ಯಾಗ ಸಾಲಿಡ್ ಬ್ಲಾಕ್ ಹೆಚ್ಚಾಗಿ ಉಳದಾವ. ಗಿಲಾವಿನವ (ಪ್ಲಾಸ್ಟರ್ ಮಾಡಾಂವ) ಬ್ಯಾರೆ ಬಿಲ್ ತಂದಾನ, ಅವನ ಲೆಕ್ಕ ನನ್ನ ಮಾಡೆಲ್‌ಗಿಂತ 70 ಚದರ ಮೀಟರ್ ಮ್ಯಾಲೆ ಐತಿ. ಒಂದ ಮಾಡೆಲ್ ಒಂದು ಕಡೆ ಹೆಚ್ಚ ಹೇಳತೈತಿ, ಇನ್ನೊಂದು ಕಡೆ ಕಮ್ಮಿ ಹೇಳತೈತಿ. ಯಾವುದನ್ನ ನಂಬೋದು ಗೊತ್ತಾಗವಲ್ತು. ತಿಳಿದವ್ರು ಹೇಳ್ರಿ.

ರಸಮಟ್ಟ:

ಬೇರೆ ಬೇರೆ ಫೈಲ್‌ನಲ್ಲಿರೋ ಸ್ಲ್ಯಾಬು ಮತ್ತು ಬೀಮು ಒಂದನ್ನೊಂದು ಕತ್ತರಿಸಲ್ಲ ಬಾಸ್. ಎರಡನ್ನ ಬೆಸೆಯೋ 'ಜಾಯಿನ್ ಜಾಮೆಟ್ರಿ' ಲಿಂಕ್ ದಾಟಿ ಕೆಲಸ ಮಾಡಲ್ಲ. ಸ್ಲ್ಯಾಬಿನ 150 ಬೀಮಿನ ತಲೆ ಮೇಲೆ ಎರಡು ಸಲ ಎಣಿಕೆಯಾಗಿದೆ. ಜೊತೆಗೆ ನೀವು ತಗೊಂಡಿರೋ 'ಲೆಂಗ್ತ್' ಕಂಬದ ಮಧ್ಯದಿಂದ ಮಧ್ಯಕ್ಕೆ. ಕಂಬದ ಮುಖದಿಂದ ಮುಖಕ್ಕೆ ಬೇಕು ಅಂದ್ರೆ 'ಕಟ್ ಲೆಂಗ್ತ್' ನೋಡಬೇಕು.

ಸ್ಟ್ರಕ್ಚರಲ್ ಫೈಲ್‌ನಲ್ಲೇ ಸ್ಲ್ಯಾಬ್ ಎಳೆದು, ಜಾಯಿನ್ ಮಾಡಿ, ಯಾವುದು ಯಾವುದನ್ನ ಕತ್ತರಿಸಬೇಕು ಅನ್ನೋದನ್ನ ಸ್ವಿಚ್ ಜಾಯಿನ್ ಆರ್ಡರ್‌ನಲ್ಲಿ ಸರಿ ಮಾಡಿ. ಆಮೇಲೆ ವಾಲ್ಯೂಮ್ ಕಾಲಮ್ಮನ್ನೇ ನಂಬಿ. ಆರ್ಕಿಟೆಕ್ಟ್ ಫೈಲ್‌ನ ಸ್ಲ್ಯಾಬನ್ನ ಶೆಡ್ಯೂಲ್‌ನಿಂದ ಫಿಲ್ಟರ್ ಮಾಡಿ ತೆಗೀರಿ, ಇಲ್ಲಾಂದ್ರೆ ಮುಂದಿನ ಸಲ ಎರಡೆರಡು ಸ್ಲ್ಯಾಬಿಗೆ ಆರ್ಡರ್ ಹೋಗುತ್ತೆ 😀

ಎಂ ಬುಕ್ ಮೇಷ್ಟ್ರು:

ತಮ್ಮಾ, ಮೊದಲು ಒಂದು ಸಮಾಧಾನದ ಮಾತು. ನಿನ್ನ ಸ್ಲ್ಯಾಬಿಗೆ ಕಾಂಕ್ರೀಟ್ ಕಡಿಮೆ ಬಿದ್ದಿಲ್ಲ. ಬೆಳಿಗ್ಗೆ ಕಾಫಿ ಕುಡೀತಾ ಹಳೇ ಡೈರಿಯ ಹಿಂದೆ ಲೆಕ್ಕ ಹಾಕಿದೆ. ನಾನು ಶಿವಮೊಗ್ಗದ ಕಡೆ 27 ವರ್ಷ ಬಿಲ್ಲಿಂಗ್ ಮಾಡಿದವನು. ರೆವಿಟ್‌ನಲ್ಲಿ ಒಂದು ಗೋಡೆ ಎಳೆಯೋಕೂ ತಿಣುಕುತ್ತೇನೆ. ಆದರೆ ಶೆಡ್ಯೂಲ್ ಓದೋದು ಬರುತ್ತೆ, ಯಾಕಂದ್ರೆ ಅದೂ ಒಂದು ಎಂ ಬುಕ್ಕೇ (ಅಳತೆ ಬರೆಯೋ ಪುಸ್ತಕ): ನಂಬರು, ಉದ್ದ, ಅಗಲ, ಎತ್ತರ, ಒಟ್ಟು.

ನೀನು ಹೇಳಿದ ಅಳತೆಗೆ ಸ್ಲ್ಯಾಬ್ 318.48 ಚದರ ಮೀಟರ್, 150 ದಪ್ಪಕ್ಕೆ 47.77. ಇದು ಸರಿ ಇದೆ. ಬೀಮಿಗೆ ಬಾ. 24 ಮೀಟರ್ ಉದ್ದಕ್ಕೆ ನಾಲ್ಕು ಸಾಲು, ಪ್ರತಿ ಸಾಲಿನಲ್ಲಿ ಐದು ಕಂಬ, ಆ ಕಡೆಗೆ ಕಂಬದ 300 ಮುಖ. ಕಂಬದ ನಡುವೆ ಉಳಿಯೋದು 22.5 ಮೀಟರ್, ನಾಲ್ಕು ಸಾಲಿಗೆ 90. ಇನ್ನೊಂದು ಕಡೆ 14 ಮೀಟರ್‌ನ ಐದು ಸಾಲು, ತಲಾ ನಾಲ್ಕು ಕಂಬ, 600 ಮುಖ, ಸಾಲಿಗೆ 11.6, ಐದಕ್ಕೆ 58. ಇನ್ನು ಮೆಟ್ಟಿಲು ಮತ್ತು ಲಿಫ್ಟಿನ ಚಿಕ್ಕ ಬೀಮು 14 ಮೀಟರ್ ಅಂತ ಹಿಡಿದೆ, ನಿನ್ನ 176ರಿಂದ ಹಿಂದಕ್ಕೆ ಎಣಿಸಿದರೆ ಹಾಗೇ ಬರುತ್ತೆ. ಒಟ್ಟು 162 ಮೀಟರ್. ಸ್ಲ್ಯಾಬಿನ ಕೆಳಗೆ ಇಳಿಯೋದು 450 ಮಾತ್ರ. 162ನ್ನ 0.23ರಿಂದ, 0.45ರಿಂದ ಗುಣಿಸು: 16.77.

ಈಗ ಬಹಳ ಜನ ಇಲ್ಲಿಗೆ ನಿಲ್ಲಿಸಿ 64.54 ಅಂತ ಬರೆದುಬಿಡ್ತಾರೆ. ಅದೂ ತಪ್ಪೇ. ನೀನು ಕಂಬ ಹಾಕುವಾಗ ಬೀಮಿನ ಅಡಿವರೆಗೆ ಹಾಕಿ ನಿಲ್ಲಿಸಿರ್ತೀಯ. ಅಲ್ಲಿಂದ ಮೇಲಿನ ತುಂಡು ತುಂಬೋದು ಸ್ಲ್ಯಾಬಿನ ದಿನವೇ. ಇಪ್ಪತ್ತು ಕಂಬ, 0.18 ಚದರ, 0.45 ಎತ್ತರ: 1.62. ಕೂಡಿಸು. 66.16.

ಸೈಟಿಗೆ ಹೋಗಿದ್ದು 67.5. ವ್ಯತ್ಯಾಸ 1.34, ಅಂದ್ರೆ ನೂರಕ್ಕೆ ಎರಡು. ಪಂಪಿನ ಪೈಪಿನಲ್ಲಿ ಕೂತಿದ್ದು ಒಂದಿಷ್ಟು, ಉಳಿದಿದ್ದು ಸ್ಲ್ಯಾಬಿನ ದಪ್ಪದಲ್ಲಿ. 318 ಚದರ ಮೀಟರ್ ಮೇಲೆ ಐದು ಮಿಲಿಮೀಟರ್ ಜಾಸ್ತಿ ಬಿದ್ದರೆ 1.59 ಕ್ಯೂಬಿಕ್ ಹೋಯಿತು. ನಿನ್ನ ಮೇಸ್ತ್ರಿ ಮಟ್ಟ ಚೆನ್ನಾಗೇ ಹಿಡಿದಿದ್ದಾನೆ, ಅವನಿಗೊಂದು ಟೀ ಕೊಡಿಸು.

ತಮಾಷೆ ಏನು ಗೊತ್ತಾ? ನೀನು ಮೂರು ತಪ್ಪು ಮಾಡಿದೀಯ, ಅದರಲ್ಲಿ ಎರಡು ಒಂದನ್ನೊಂದು ನುಂಗಿಹಾಕಿವೆ. ಬೀಮಿನ ತಲೆಯ ಮೇಲೆ ಸ್ಲ್ಯಾಬ್ ಎರಡು ಸಲ ಬಂದಿದ್ದಕ್ಕೆ 6.07 ಜಾಸ್ತಿ. ಕಂಬದ ಮಧ್ಯದವರೆಗೆ ಬೀಮ್ ಎಳೆದಿದ್ದಕ್ಕೆ 1.45 ಜಾಸ್ತಿ. ಕಂಬದ ತಲೆ ಮರೆತಿದ್ದಕ್ಕೆ 1.62 ಕಡಿಮೆ. ಕಡೇ ಎರಡು ಹತ್ತಿರ ಹತ್ತಿರ ಸಮ. ಇದೇ ಕಾರಣಕ್ಕೆ ಒಟ್ಟು ಮೊತ್ತ ತಾಳೆ ಆಯ್ತು ಅಂತ ಯಾವ ಶೆಡ್ಯೂಲನ್ನೂ ಒಪ್ಪಬಾರದು. ನಾನು ಯಾವ ಮಾಡೆಲ್ ಬಂದ್ರೂ ಒಂದು ಅಂಕಣ ಆರಿಸಿಕೊಂಡು ಕೈಯಲ್ಲಿ ಲೆಕ್ಕ ಹಾಕ್ತೇನೆ. ನಾಲ್ಕು ಕಂಬ, ನಾಲ್ಕು ಬೀಮು, ನಡುವಿನ ಸ್ಲ್ಯಾಬು. ಅದು ಎರಡನೇ ದಶಮಾಂಶದವರೆಗೆ ಕೂತರೆ ಉಳಿದದ್ದು ಓದ್ತೇನೆ, ಇಲ್ಲದಿದ್ರೆ ಫೈಲ್ ವಾಪಸ್.

ಕಂಬದ ಬಗ್ಗೆ ಇನ್ನೊಂದು. ಕಂಬದ ಕಾಂಕ್ರೀಟಿನ ಬಲ ಎಂ30, ಸ್ಲ್ಯಾಬಿನದು ಎಂ25 ಆಗಿದ್ರೆ ಆ ಜಂಕ್ಷನ್‌ಗೆ ಯಾವ ಗ್ರೇಡು ಅಂತ ಸ್ಟ್ರಕ್ಚರಲ್ ಇಂಜಿನಿಯರನ್ನ ಬರವಣಿಗೆಯಲ್ಲಿ ಕೇಳು. ಮಾಡೆಲ್‌ನಲ್ಲಿ ಯಾವುದು ಯಾವುದನ್ನ ಕತ್ತರಿಸಬೇಕು ಅನ್ನೋದು ಅಲ್ಲಿ ತೀರ್ಮಾನ ಆಗೋದು, ಕಂಪ್ಯೂಟರ್ ಮುಂದೆ ಅಲ್ಲ.

ಇನ್ನು ಗಾರೆಯವನ ಬಿಲ್ಲು. ಅವನು ಮೋಸ ಮಾಡಿಲ್ಲ, ನಿನ್ನ ಮಾಡೆಲ್ಲೂ ಸುಳ್ಳು ಹೇಳಿಲ್ಲ. ಮಾಡೆಲ್ ಕಿಟಕಿ ಇರುವಷ್ಟನ್ನೂ ಎರಡೂ ಕಡೆ ಕಳೆಯುತ್ತೆ. ನಿನ್ನ ಕರಾರಿನಲ್ಲಿ ಅಳತೆ ಐಎಸ್ 1200 (ಅಳತೆಯ ಭಾರತೀಯ ಮಾನಕ) ಪ್ರಕಾರ ಅಂತ ಇರುತ್ತೆ, ತೆಗೆದು ನೋಡು. ಅದರ 12ನೇ ಭಾಗ ಪ್ಲಾಸ್ಟರಿಂಗ್. ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಕಳೆಯೋ ಹಾಗಿಲ್ಲ. ಅರ್ಧದಿಂದ ಮೂರು ಚದರ ಮೀಟರ್‌ವರೆಗೆ ಒಂದು ಮುಖಕ್ಕೆ ಮಾತ್ರ ಕಳೀಬೇಕು, ಪಕ್ಕದ ಅಂಚು ಸೇರಿಸಬಾರದು. ಮೂರು ದಾಟಿದರೆ ಎರಡೂ ಮುಖಕ್ಕೆ ಕಳೆದು, ಅಂಚು ಅಳೆದು ಸೇರಿಸಬೇಕು. ನಿನ್ನ ಮಹಡಿಯಲ್ಲಿ ಎಷ್ಟು ಬಾಗಿಲು ಅಂತ ಬರೆದಿಲ್ಲ. 1 ಮೀಟರ್‌ಗೆ 2.1ರ ಬಾಗಿಲು 16, ಒಂದೂವರೆಗೆ 1.2ರ ಕಿಟಕಿ 20, 0.6ಕ್ಕೆ 0.6ರ ವೆಂಟಿಲೇಟರ್ 10 ಅಂತ ಇಟ್ಟುಕೋ. ಮಾಡೆಲ್ ಕಳೆಯೋದು 146.4. ಐಎಸ್ ಪ್ರಕಾರ ಕಳೀಬೇಕಾಗಿದ್ದು 69.6. ಅಲ್ಲೇ 76.8 ಚದರ ಮೀಟರ್ ಬಂತು ನೋಡು, ನಿನ್ನ 70ರ ಆಸುಪಾಸು.

ಬ್ಲಾಕ್ ಉಳಿದಿದ್ದಕ್ಕೆ ಕಾರಣ ಗೋಡೆಯ ಎತ್ತರ. ಡ್ರಾಫ್ಟ್ಸ್‌ಮನ್ ಒಂದು ಲೆವೆಲ್‌ನಿಂದ ಇನ್ನೊಂದು ಲೆವೆಲ್‌ಗೆ, ಅಂದ್ರೆ 3.3ಕ್ಕೆ ಗೋಡೆ ಎಳೆದಿರ್ತಾನೆ. ಕಟ್ಟೋದು ಬೀಮಿನ ಅಡಿವರೆಗೆ, 2.7. ನೂರಕ್ಕೆ 22 ಜಾಸ್ತಿ. 110 ಮೀಟರ್ ಗೋಡೆ ಇದ್ರೆ 66 ಚದರ ಮೀಟರ್, ಚದರಕ್ಕೆ 11.6 ಬ್ಲಾಕಿನ ಲೆಕ್ಕದಲ್ಲಿ 765 ಬ್ಲಾಕ್ ಸೈಟಿನ ಮೂಲೆಯಲ್ಲಿ ಕೂತಿರುತ್ತೆ. ಲೆವೆಲ್ ಹಿಡಿದಿರೋದು ನೆಲಹಾಸಿನ ಮೇಲಿಗೋ ಸ್ಲ್ಯಾಬಿನ ಮೇಲಿಗೋ, ಅದನ್ನೂ ಕೇಳು.

ಆದ್ರಿಂದ ನನ್ನ ಸಲಹೆ: ಕಾಂಕ್ರೀಟಿಗೆ ಮಾಡೆಲ್ ಬಳಸು, ಬ್ಲಾಕಿಗೆ ಬಳಸು. ಗಾರೆಗೆ ಟೇಪ್ ಹಿಡಿ. ಕಬ್ಬಿಣಕ್ಕಂತೂ ಮಾಡೆಲ್ ಕಡೆ ತಲೆ ಹಾಕಲೇಬೇಡ, ಬಿಬಿಎಸ್ (ಸರಳು ಕತ್ತರಿಸಿ ಬಾಗಿಸೋ ಪಟ್ಟಿ) ಬರೆದು ಮಿಲಿಮೀಟರ್ ವ್ಯಾಸದ ವರ್ಗವನ್ನ 162ರಿಂದ ಭಾಗಿಸು, ಮೀಟರ್‌ಗೆ ಎಷ್ಟು ಕೆಜಿ ಅಂತ ಬರುತ್ತೆ.

ದೋಹಾ ಕನ್ನಡಿಗ:

ಮೇಷ್ಟ್ರೇ, ಕಾಂಕ್ರೀಟಿನ ಲೆಕ್ಕಕ್ಕೆ ಕೈ ಮುಗಿದೆ. ಗಾರೆಗೆ ಟೇಪ್ ಅನ್ನೋದನ್ನ ಮಾತ್ರ ಒಪ್ಪಲ್ಲ.

ನಾನು ಮಂಗಳೂರಿನವ, ಇಲ್ಲಿ ದೋಹಾದಲ್ಲಿ ಕ್ಯೂಎಸ್ (ಅಳತೆ, ಬಿಲ್ಲು ನೋಡುವ) ಕೆಲಸ. ಇಲ್ಲಿ ನಾನು ನೋಡಿದ ಎಷ್ಟೋ ಕರಾರುಗಳಲ್ಲಿ ಅಳತೆಗೆ ಪೋಮಿ ಅನ್ನುವ ನಿಯಮಾವಳಿ ಹಿಡೀತಾರೆ, ಲಂಡನ್ ಆಫೀಸಿನವರು ಎನ್‌ಆರ್‌ಎಂ 2 ಅಂತಾರೆ. ಒಂದೇ ಮಾಡೆಲ್ಲಿಂದ ಎರಡು ಥರ ಬಿಲ್ ತೆಗೆದದ್ದೂ ಉಂಟು. ಮಾಡೆಲ್ ಬದಲಾಗಲಿಲ್ಲ, ಕಳೆಯುವ ನಿಯಮ ಮಾತ್ರ ಬದಲಾಯಿತು. ಹಾಗಾಗಿ ನಿಯಮವನ್ನು ಶೆಡ್ಯೂಲಿನ ಒಳಗೇ ಬರೆದರಾಯಿತು.

ಹುಬ್ಬಳ್ಳಿಯವರೇ, ಒಂದು ಅಪಾಯ ಹೇಳ್ತೇನೆ. ಮೇಷ್ಟ್ರು ಹೇಳಿದ ಹಾಗೆ ಗೋಡೆಯನ್ನು ಬೀಮಿನ ಅಡಿಗೆ ಇಳಿಸ್ತೀರಿ, ಟಾಪ್ ಆಫ್‌ಸೆಟ್ ಮೈನಸ್ 600. ಬ್ಲಾಕ್ ಸರಿ ಆಗ್ತದೆ. ಆದರೆ ಪ್ಲಾಸ್ಟರನ್ನು ಗೋಡೆಯ ಪದರ ಅಂತ ಮಾಡೆಲ್ ಮಾಡಿದ್ದರೆ ಅದೂ ಗೋಡೆಯ ಜೊತೆ ಕೆಳಗೆ ಇಳೀತದೆ. ಗಾರೆಯವ ಬೀಮಿನ ಮಗ್ಗುಲಿಗೂ, ಕಂಬದ ಮುಖಕ್ಕೂ ಬಳೀತಾನಲ್ಲ, ಅದು ಯಾವ ಪದರದಲ್ಲೂ ಇರುವುದಿಲ್ಲ. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದ ಹಾಗೆ. ನಾನೇ ಒಮ್ಮೆ ಹೀಗೆ ಸಿಕ್ಕಿಬಿದ್ದಿದ್ದೆ.

ಅದಕ್ಕೆ ಒಳಗಿನ ಪ್ಲಾಸ್ಟರನ್ನು ಗೋಡೆಯಿಂದ ತೆಗೆಯಲೇಬೇಡಿ, ರೂಮಿನಿಂದ ತೆಗೆಯಿರಿ. ಮಾಡೆಲ್ಲಿನ ಪ್ರತಿ ಕೋಣೆಗೆ 'ರೂಮ್' ಅನ್ನುವ ಗುರುತು ಇಟ್ಟರೆ ಸುತ್ತಳತೆ ತಾನೇ ಬರ್ತದೆ, ಕಂಬ 'ರೂಮ್ ಬೌಂಡಿಂಗ್' (ಕೋಣೆಯ ಗಡಿ) ಆಗಿದ್ದರೆ ಅದರ ಮುಂಚಾಚೂ ಸೇರಿ. ಸುತ್ತಳತೆಯನ್ನು ಸ್ಲ್ಯಾಬಿನ ಅಡಿವರೆಗಿನ 3.15ರಿಂದ ಗುಣಿಸಿ. ಬೀಮಿನ ಮಗ್ಗುಲು ತಾನಾಗಿ ಒಳಗೆ ಬಂತು. ನಂತರ ಬಾಗಿಲು, ಕಿಟಕಿಯ ಶೆಡ್ಯೂಲಿನಲ್ಲಿ ಒಂದು ಫೀಲ್ಡ್: ವಿಸ್ತೀರ್ಣ 0.5 ಮೀರದಿದ್ದರೆ ಸೊನ್ನೆ, 3 ಮೀರದಿದ್ದರೆ ವಿಸ್ತೀರ್ಣದಷ್ಟೇ, ಮೀರಿದರೆ ಅದರ ಎರಡರಷ್ಟು. ದೊಡ್ಡದರ ಅಂಚು ಬೇರೆ ಕಾಲಮ್ಮು. ಹೊರಗೋಡೆಯ ಕಿಟಕಿ ಇದ್ದಲ್ಲಿ ಒಳಗಿನ ಮುಖಕ್ಕೆ ಕಳೆದಿರೋ, ಹೊರಗಿನದಕ್ಕೋ ಅಂತ ಮೊದಲೇ ಗಾರೆಯವನ ಎದುರು ಮಾತಾಡಿಕೊಳ್ಳಿ. ಅದನ್ನು ರೆವಿಟ್ ಹೇಳಿಕೊಡುವುದಿಲ್ಲ.

ಮತ್ತೊಂದು: ನಿಮ್ಮ ಕಂಬಗಳು ಪಾಯದಿಂದ ಟೆರೇಸಿನವರೆಗೆ ಒಂದೇ ತುಂಡಾ? ಆಗಿದ್ದರೆ ಮಹಡಿವಾರು ಲೆಕ್ಕ ಬರುವುದೇ ಇಲ್ಲ, ಲೆವೆಲ್‌ಗೆ ತುಂಡು ಮಾಡಬೇಕು. ಐಎಫ್‌ಸಿಗೆ (ಬೇರೆ ಸಾಫ್ಟ್‌ವೇರ್‌ಗಳೂ ಓದುವ ಫೈಲಿಗೆ) ಎಕ್ಸ್‌ಪೋರ್ಟ್ ಮಾಡುವಾಗ 'ಬೇಸ್ ಕ್ವಾಂಟಿಟಿ' ಟಿಕ್ ಹಾಕಿ. ಗ್ರಾಸ್ ವಾಲ್ಯೂಮ್, ನೆಟ್ ವಾಲ್ಯೂಮ್ ಎರಡೂ ಬಂದರೆ ಎಲ್ಲಿ ಏನು ಕತ್ತರಿಸಿದೆ ಅಂತ ಅಕ್ಕಪಕ್ಕ ಇಟ್ಟು ನೋಡಬಹುದು.

ಎಂ ಬುಕ್ ಮೇಷ್ಟ್ರು:

ರೂಮಿನ ಸುತ್ತಳತೆಯ ಉಪಾಯ ಚೆನ್ನಾಗಿದೆ, ಒಪ್ಪಿದೆ. ನಾವು ಹಿಂದೆ ಟೇಪ್ ಹಿಡಿದು ಮಾಡ್ತಿದ್ದಿದ್ದೂ ಅದೇ, ಕೋಣೆ ಕೋಣೆಗೆ ನಾಲ್ಕು ಗೋಡೆ. ಗೋಡೆ ಲೆಕ್ಕದಲ್ಲಿ ಯಾರೂ ಗಾರೆ ಅಳೀತಿರಲಿಲ್ಲ. ಮಂಗಳೂರಿನವರು ಟೇಪನ್ನ ಕಂಪ್ಯೂಟರ್ ಒಳಗೆ ಹಾಕಿದ್ದಾರೆ, ಅಷ್ಟೇ 🙂

ಫಾಲ್ಸ್ ಸೀಲಿಂಗ್ ಇರೋ ಕೋಣೆಗೆ 3.15 ಹಿಡೀಬೇಡಿ, ಎಲ್ಲಿವರೆಗೆ ಬಳೀತಾರೋ ಅಲ್ಲಿವರೆಗೆ. ಟಾಯ್ಲೆಟ್‌ನಲ್ಲಿ ಸ್ಲ್ಯಾಬ್ ತಗ್ಗಿಸಿದ್ದರೆ ಅಲ್ಲಿನ ಎತ್ತರವೂ ಬೇರೆ.

ರಸಮಟ್ಟ:

ಕಬ್ಬಿಣಕ್ಕೆ ಮಾಡೆಲ್ ಬೇಡ ಅಂದ್ರಲ್ಲ ಮೇಷ್ಟ್ರೇ, ಅದು ಹಳೇ ಕಾಲದ ಮಾತು. ರೀಬಾರ್ ಸರಿಯಾಗಿ ಮಾಡೆಲ್ ಮಾಡಿದ್ರೆ ಬೆಂಡ್ ಸಮೇತ ಶೆಡ್ಯೂಲ್ ಬರುತ್ತೆ.

ಎಂ ಬುಕ್ ಮೇಷ್ಟ್ರು:

ಮಾಡಿದ್ರೆ ಬರುತ್ತಪ್ಪ, ಯಾರು ಮಾಡ್ತಾರೆ? ಸರಳು ಬರೋದು 12 ಮೀಟರ್ ಉದ್ದಕ್ಕೆ. 24 ಮೀಟರ್ ಬೀಮಿನ ಸರಳನ್ನ ನಿಮ್ಮ ಮಾಡೆಲರ್ ಒಂದೇ ಗೆರೆ ಎಳೀತಾನೆ, ಎರಡು ಸರಳು ಸೇರೋ ಕಡೆ ಒಂದರ ಪಕ್ಕ ಒಂದು ಬರೋ ಲ್ಯಾಪ್ ಎಲ್ಲಿ? ಲ್ಯಾಪ್ ಹಾಕಿದ ಮಾಡೆಲ್ ನನಗೆ ಒಂದು ತೋರಿಸಿ, ಆವತ್ತು ನನ್ನ ಮಾತು ವಾಪಸ್.

ಹುಬ್ಬಳ್ಳಿ ಸೈಟು:

ಎಲ್ಲಾರಿಗೂ ದೊಡ್ಡ ಶರಣ್ರಿ. ರಾತ್ರಿ ಕೂತು ಎಲ್ಲಾ ತಿದ್ದಿದ್ನಿ.

ಸ್ಲ್ಯಾಬನ್ನ ಸ್ಟ್ರಕ್ಚರಲ್ ಫೈಲಿನ್ಯಾಗ ಎಳದು ಜಾಯಿನ್ ಮಾಡಿದ್ನಿ. ಕಂಬ ಹೌದ್ರಿ, ಪಾಯದಿಂದ ಟೆರೇಸಿನ ತನಕಾ ಒಂದ ತುಂಡು ಇದ್ವು. ಮಹಡಿಗೊಂದು ಆಗಲಿಲ್ಲ, ಎರಡು ಮಾಡೀನಿ: ಬೀಮಿನ ತಳದ ತನಕಾ ಒಂದು, ಮ್ಯಾಲಿನ 450 ಒಂದು. ಪ್ರತಿಯೊಂದಕ್ಕೂ 'ಯಾವ ದಿನದ ಕಾಂಕ್ರೀಟು' ಅಂತ ಒಂದು ಪ್ಯಾರಾಮೀಟರ್ ಹಚ್ಚೀನಿ. ಅದರ ಮ್ಯಾಲೆ ಗುಂಪು ಮಾಡಿದ್ರ ಸ್ಲ್ಯಾಬ್ ದಿನಕ್ಕ 66.16 ಬಂತು. ಮೇಷ್ಟ್ರ ಡೈರಿ, ನನ್ನ ಸ್ಕ್ರೀನು ಎರಡೂ ಒಂದ. ಕಂಬದ ದಿನಕ್ಕ 9.72.

ಚಿಕ್ಕ ಬೀಮ್ 14 ಮೀಟರ್ ಅಂದ್ರಲ್ಲ ಮೇಷ್ಟ್ರ, ಡ್ರಾಯಿಂಗ್ ನೋಡಲಾರದ ಹೇಳಿದ್ರಿ. ಹೌದು, 14 ಐತಿ.

ಗಿಲಾವಿನ ಲೆಕ್ಕ ರೂಮಿನ ಮ್ಯಾಲೆ ತಗದೀನಿ. ಗಿಲಾವಿನ ಕಾಕಾನ ಬಿಲ್ಲಿಗೂ ನನ್ನದಕ್ಕೂ ಈಗ 6 ಚದರ ಮೀಟರ್ ಫರಕ್ ಉಳದೈತಿ. ಅವ ಮಧ್ಯಾಹ್ನ ಬರ್ತಾನ, ಇಬ್ರೂ ಕೂತು ಎರಡು ಕೋಣಿ ಟೇಪ್ ಹಿಡಿದು ನೋಡ್ತೀವಿ. ಮೊನ್ನೆ ಅವಗ ಮೋಸಗಾರ ಅಂದಿದ್ದೆ. ಬಾಯಿ ತಪ್ಪಿ ಅಲ್ಲ, ಸಿಟ್ಟಿನ್ಯಾಗ. ಮೊದಲು ಅದನ್ನ ಬಗಿಹರಿಸಬೇಕು.

ಸಾಹೇಬ್ರಿಗೆ ಇನ್ನೂ ತೋರಿಸಿಲ್ಲ. ಎರಡನೇ ಮಹಡಿದೂ ಇದ ಅಳತಿ, ಮಳಿ ಬರಲಿಲ್ಲ ಅಂದ್ರ ಗುರುವಾರ ಸ್ಲ್ಯಾಬ್. ಆರ್‌ಎಂಸಿಯವಂಗ ಎಷ್ಟು ಹೇಳ್ಲಿ? 66.16ಕ್ಕ ನೂರಕ್ಕ ಎರಡು ಸೇರಿಸಿ 67.5 ಅಂದ್ಬಿಡ್ಲೇನ್ರಿ?

ಎಂ ಬುಕ್ ಮೇಷ್ಟ್ರು:

ಬೇಡ. ಹತ್ತು ಲಾರಿ ಖಚಿತ ಹೇಳು, ಉಳಿದದ್ದು ಸೈಟಿಂದ ಫೋನ್ ಮಾಡ್ತೀನಿ ಅನ್ನು. ಒಂಬತ್ತನೇದು ಸುರಿಯುವಾಗ ಉಳಿದ ಜಾಗ ಟೇಪ್ ಹಿಡಿದು ಅಳೆ, ಬೀಮ್ ತುಂಬಿದೆಯಾ ನೋಡು, ಸರಳು ಚುಚ್ಚಿ ಸ್ಲ್ಯಾಬಿನ ದಪ್ಪವನ್ನ ನಾಲ್ಕು ಕಡೆ ಪರೀಕ್ಷೆ ಮಾಡು. ಆಮೇಲೆ ಕೊನೇ ಲಾರಿಗೆ ಎಷ್ಟು ಅಂತ ಹೇಳು. ಪ್ಲಾಂಟ್ ಎಷ್ಟು ದೂರ?

ಹುಬ್ಬಳ್ಳಿ ಸೈಟು:

ಟ್ರಾಫಿಕ್ ಇಲ್ಲಂದ್ರ ನಲವತ್ತು ನಿಮಿಷ್ರಿ.

ಎಂ ಬುಕ್ ಮೇಷ್ಟ್ರು:

ಹಾಗಿದ್ರೆ ಎಂಟನೇದಕ್ಕೇ ಅಳೆಯೋಕೆ ಶುರು ಮಾಡು.